ಮಗಳಿಗೆ ಸಿಕ್ಕಿರುವುದು ಮೈನಿಂಗ್ ಸೀಟು: ಸೇರಿಸಲೋ, ಬೇಡವೋ?

ಪ್ರಶ್ನೆ: ಸರ್, ನಾವು ಪಾಂಡವಪುರ ತಾಲ್ಲೂಕಿನವರು. ಎರಡೂವರೆ ಎಕರೆ ಗದ್ದೆ ಇದೆ, ಕಬ್ಬು, ಭತ್ತ ಹಾಕ್ತೀವಿ. ಒಬ್ಬಳೇ ಮಗಳು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದಳು. ಜೆಇಇ ರ‍್ಯಾಂಕಿನ ಮೇಲೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಮೈನಿಂಗ್ ಇಂಜಿನಿಯರಿಂಗ್ ಸೀಟು ಬಂದಿದೆ. ಅವಳಿಗೆ ಸೇರುವ ಆಸೆ. ಅವರ ಅಪ್ಪನಿಗೆ ಮನಸ್ಸಿಲ್ಲ. ಹತ್ತು ಗುಂಟೆ ಮಾರಿಯಾದರೂ ಸರಿ, ಮೈಸೂರಿನಲ್ಲೇ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಕೊಡಿಸೋಣ ಅಂತಾರೆ. ನಮ್ಮಣ್ಣ, ‘ಹೆಣ್ಣುಮಕ್ಕಳನ್ನ ಗಣಿ ಒಳಕ್ಕೇ ಬಿಡಲ್ಲ, ಓದಿಸಿ ಏನು ಮಾಡ್ತೀಯಾ’ ಅಂದ. ಊರಿನವರು, ಲಿಥಿಯಂ ಸಿಕ್ಕಿದೆಯಲ್ಲ, ಮಂಡ್ಯದಲ್ಲೇ ಕೆಲಸ ಆಗುತ್ತೆ ಅಂತಾರೆ. ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ. ಕಲ್ಲು ಕ್ವಾರಿ ಬ್ಲಾಸ್ಟಿಂಗಿಗೆ ನಮ್ಮ ಮನೆ ಹಿಂದಿನ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿದೆ. ಈಗ ಸದ್ದು ನಿಂತಿದೆ, ಆದರೆ ವರ್ಷಗಟ್ಟಲೆ ಆ ಸದ್ದಿಗೆ ಎದೆ ಹಿಡ್ಕೊಂಡು ಕೂತವಳು ನಾನು. ನನ್ನ ಮಗಳೇ ಅದನ್ನ ಓದೋಕೆ ಹೋಗ್ತಾಳೆ ಅಂದ್ರೆ ಹೊಟ್ಟೆಯೊಳಗೆ ಏನೋ ಆಗುತ್ತೆ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೀಟು, ಫೀಸು, ಕೆಲಸ, ಲಿಥಿಯಂ ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆದರೆ ‘ತಪ್ಪು ತಿಳ್ಕೋಬೇಡಿ’ ಎಂದು ಹಿಂಜರಿಯುತ್ತಾ ನೀವು ಕೊನೆಗೆ ಬರೆದ ಮಾತೇ ಪತ್ರದ ತಿರುಳು ಅನ್ನಿಸಿತು. ನಿಮ್ಮ ಮನೆಯನ್ನು ನಡುಗಿಸಿದ ಕಸುಬಿಗೇ ಮಗಳನ್ನು ಹೇಗೆ ಕಳಿಸುವುದು ಎಂಬ ಸಂಕಟ ಅದು. ಮೂವತ್ತು ಚಿಲ್ಲರೆ ವರ್ಷ ಗಣಿಗಳಲ್ಲಿ ದುಡಿದು ಈಗ ಮೈಸೂರಿನಲ್ಲಿ ನೆಲೆಸಿರುವ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ವಾರಿ ಬೇರೆ, ಗಣಿ ಬೇರೆ ಎಂದು ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ಕಾನೂನು ಹಾಗೆ ನೋಡುವುದಿಲ್ಲ. ನಿಮ್ಮ ಗೋಡೆ ಬಿರುಕು ಬಿಟ್ಟ ವರ್ಷಗಳಲ್ಲಿ ಜಾರಿಯಲ್ಲಿದ್ದದ್ದು 1952ರ ಗಣಿ ಕಾಯ್ದೆ. ಕಟ್ಟಡದ ಕಲ್ಲು, ಜಲ್ಲಿ ತೆಗೆಯುವ ತೆರೆದ ಗುಂಡಿಗೆ ಆ ಕಾಯ್ದೆಯ ಬಹುಪಾಲು ನಿಯಮಗಳಿಂದ ವಿನಾಯಿತಿ ಸಿಗಬೇಕಾದರೆ ಆಳ ಎಲ್ಲಿಯೂ 6 ಮೀಟರ್ ದಾಟಬಾರದು, ಯಾವ ದಿನವೂ ಕೆಲಸದವರು 50ಕ್ಕಿಂತ ಹೆಚ್ಚಿರಬಾರದು, ಸಿಡಿಮದ್ದನ್ನು ಮುಟ್ಟಲೇಬಾರದು. ಒಂದೇ ಒಂದು ಜಿಲೆಟಿನ್ ಕಡ್ಡಿ ಇಟ್ಟರೂ ಆ ವಿನಾಯಿತಿ ಹೋಯಿತು, ಅದು ಪೂರಾ ಗಣಿ. ಅಂದಮೇಲೆ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದವರು ಅಲ್ಲಿ ನಿಂತು ಕೆಲಸ ನೋಡಿಕೊಳ್ಳಬೇಕು. ಆದರೆ ನಾನು ಎಷ್ಟೋ ಕ್ವಾರಿಗಳಲ್ಲಿ ಕಂಡದ್ದೇ ಬೇರೆ. ಟ್ರ್ಯಾಕ್ಟರಿನಲ್ಲಿ ಕಂಪ್ರೆಸರ್ ತಂದು ಕುಳಿ ಹೊಡೆಯುತ್ತಾರೆ, ಕಣ್ಣಂದಾಜಿನಲ್ಲಿ ಮದ್ದು ತುಂಬುತ್ತಾರೆ, ಹೊತ್ತು ಇಳಿಯುವ ಮುಂಚೆ ಎಲ್ಲ ಕುಳಿಯನ್ನೂ ಒಟ್ಟಿಗೇ ಹಾರಿಸಿ ಲಾರಿ ಕರೆಸುತ್ತಾರೆ.

ಒಟ್ಟಿಗೇ ಹಾರಿಸುವುದರಲ್ಲೇ ನಿಮ್ಮ ಗೋಡೆಯ ಕಥೆ ಇದೆ. ಇಪ್ಪತ್ತು ಕುಳಿ ಇವೆ, ಒಂದೊಂದರಲ್ಲೂ 5 ಕಿಲೋ ಮದ್ದಿದೆ ಅಂದುಕೊಳ್ಳಿ. ಇಪ್ಪತ್ತೂ ಒಂದೇ ಕ್ಷಣಕ್ಕೆ ಸಿಡಿದರೆ ನೆಲಕ್ಕೆ ಬೀಳುವುದು 100 ಕಿಲೋ ಪೆಟ್ಟು. ಕುಳಿಗೂ ಕುಳಿಗೂ ನಡುವೆ 25 ಮಿಲಿಸೆಕೆಂಡ್ ಅಂತರ ಇಟ್ಟರೆ ಕಿವಿಗೆ ಒಂದೇ ಸದ್ದು ಕೇಳಿಸಿದರೂ ನೆಲ ಒಂದು ಸಲಕ್ಕೆ ತಾಳಿಕೊಳ್ಳಬೇಕಾದದ್ದು 5 ಕಿಲೋ ಪೆಟ್ಟನ್ನು ಮಾತ್ರ. ಮದ್ದು ಅಷ್ಟೇ, ಕಲ್ಲೂ ಅಷ್ಟೇ ಬೀಳುತ್ತದೆ, ಅದುರು ಮಾತ್ರ ಎಷ್ಟೋ ಪಾಲು ಇಳಿಯುತ್ತದೆ. ಆ ಅದುರನ್ನು ಅಳೆಯುವ ಪೆಟ್ಟಿಗೆಯಂಥ ಯಂತ್ರ ಇದೆ. ಅದನ್ನು ಮನೆಯ ಪಕ್ಕ ನೆಲಕ್ಕೆ ಊರಿದರೆ, ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಎಂದು ಬರೆದುಕೊಡುತ್ತದೆ. ಧನ್‌ಬಾದಿನಲ್ಲಿರುವ ಕೇಂದ್ರದ ಗಣಿ ಸುರಕ್ಷತಾ ಇಲಾಖೆ, ಅಂದರೆ ಡಿಜಿಎಂಎಸ್, 1997ರಲ್ಲೇ ಇದಕ್ಕೊಂದು ಮಿತಿ ಹಾಕಿದೆ. ಗಣಿಯವರದ್ದಲ್ಲದ ಸಾಮಾನ್ಯ ಮನೆಗಳಿಗೆ, ಅದುರಿನ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಅಲುಗಿತು ಎಂಬುದು) 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25ರ ನಡುವೆ ಇದ್ದರೆ 10, ಅದಕ್ಕೂ ಮೇಲಿದ್ದರೆ 15. ಹಳೆಯ ಸ್ಮಾರಕಗಳಂಥ ನಾಜೂಕು ಕಟ್ಟಡಗಳಿಗೆ ಈ ಅಂಕಿ 2, 5, 10ಕ್ಕೆ ಇಳಿಯುತ್ತದೆ. ನಿಧಾನವಾಗಿ ತೂಗಿದಂತೆ ಬರುವ ಅದುರು ಮನೆಗೆ ಹೆಚ್ಚು ಕೆಟ್ಟದ್ದು, ಏಕೆಂದರೆ ಕಟ್ಟಡವೂ ಅದರ ಜೊತೆಗೇ ತೂಗಲು ಶುರು ಮಾಡುತ್ತದೆ. ಅದಕ್ಕೇ ಅಲ್ಲಿ ಮಿತಿ ಬಿಗಿ.

ಕುಳಿ ಎಷ್ಟು ಆಳ, ಎಷ್ಟು ಮದ್ದು, ಎಷ್ಟು ಅಂತರ, ಮನೆ ಎಷ್ಟು ದೂರ ಎಂಬ ಈ ಲೆಕ್ಕವನ್ನು ನಿಮ್ಮ ಮಗಳು ಕಾಲೇಜಿನಲ್ಲಿ ಒಂದು ಇಡೀ ವಿಷಯವಾಗಿ ಓದುತ್ತಾಳೆ. ನಿಮ್ಮ ಊರಿನ ಪಕ್ಕ ಇಷ್ಟು ವರ್ಷ ಇಲ್ಲದೇ ಹೋದದ್ದು ಈ ಲೆಕ್ಕ ಬಲ್ಲ, ‘ಇವತ್ತು ಹಾರಿಸಬೇಡಿ’ ಎಂದು ಹೇಳುವ ಅಧಿಕಾರವೂ ಇದ್ದ ಒಬ್ಬ ವ್ಯಕ್ತಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಕ ಸಿಡಿದು ಜನ ಸತ್ತದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಕೆಆರ್‌ಎಸ್ ಅಣೆಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸುವಂತೆ 2024ರ ಜನವರಿಯಲ್ಲಿ ಹೈಕೋರ್ಟ್ ಹೇಳಿದ್ದು ಕೂಡ ಇದೇ ಭಯದಿಂದ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುವುದು ಹುಲಿಕೆರೆ ಸುರಂಗದೊಳಗಿಂದ. ಬಂಡೆಯನ್ನು ಒಡೆಯಲು ಬಲ್ಲವರೇ ಆ ಸುರಂಗವನ್ನೂ ಕೊರೆದದ್ದು. ಅದನ್ನು ಇನ್ನೂ ನೂರು ವರ್ಷ ಉಳಿಸಿಕೊಳ್ಳಲು ಬೇಕಾದ ವಿದ್ಯೆಯೂ ಅದೇ.

ಹಾಗೆಂದು ಇಂಜಿನಿಯರ್ ಇದ್ದುಬಿಟ್ಟರೆ ಎಲ್ಲ ಸರಿ ಎಂದು ನಾನು ಹೇಳಲಾರೆ. ಬಳ್ಳಾರಿಯಲ್ಲಿ ಓದಿದವರಿಗೇನೂ ಬರ ಇರಲಿಲ್ಲ. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂದದ್ದು, ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿದ್ದು, 2013ರಲ್ಲಿ ಅತಿ ಹೆಚ್ಚು ಅಕ್ರಮ ಕಂಡ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದದ್ದು ಎಲ್ಲವೂ ಓದಿದವರ ಕಣ್ಣೆದುರಿನಲ್ಲೇ ನಡೆದ ಕೆಲಸಕ್ಕೆ. ಮಗಳು ಈ ಕಸುಬಿಗೆ ಹೋದರೆ ಇದೂ ತಿಳಿದಿರಲಿ. ಸಹಿ ಹಾಕು ಎಂದು ಕಾಗದ ಮುಂದೆ ಹಿಡಿಯುವವರು ಬರುತ್ತಾರೆ.

ಇನ್ನು ನಿಮ್ಮಣ್ಣ ಹೇಳಿದ ಮಾತು. ಅವರು ಸುಳ್ಳು ಹೇಳಲಿಲ್ಲ, ಹಳೆಯದನ್ನು ಹೇಳಿದರು. 1952ರ ಕಾಯ್ದೆಯ 46ನೇ ಸೆಕ್ಷನ್ ಹೆಂಗಸರು ಭೂಮಿಯೊಳಗಿನ ಗಣಿಯಲ್ಲಿ ಕೆಲಸ ಮಾಡುವುದನ್ನು ತಡೆದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಅವರೂ ಒಳಗಿಳಿಯಬಹುದು ಎಂದಿತು. ತೆರೆದ ಗಣಿಯಲ್ಲಿ ಒಪ್ಪಿಗೆ ಬರೆದುಕೊಟ್ಟರೆ ರಾತ್ರಿ ಪಾಳಿಯೂ ಮಾಡಬಹುದು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸುರಕ್ಷತೆಯ ಸಂಹಿತೆಯಂತೂ ಹೆಣ್ಣುಮಕ್ಕಳು ಎಲ್ಲ ಬಗೆಯ ಕೆಲಸಕ್ಕೂ ಅರ್ಹರು ಎನ್ನುತ್ತದೆ. 2021ರಲ್ಲಿ ಆಕಾಂಕ್ಷಾ ಕುಮಾರಿ ಎಂಬ ಇಂಜಿನಿಯರ್ ಜಾರ್ಖಂಡಿನ ಚುರಿ ಭೂಗತ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕೆ ಸೇರಿದ್ದು ದೊಡ್ಡ ಸುದ್ದಿಯಾಯಿತು. ನಿಮ್ಮ ಮಗಳು ಓದು ಮುಗಿಸುವ ಹೊತ್ತಿಗೆ ಅದು ಸುದ್ದಿಯಾಗುವ ಸಂಗತಿಯಾಗಿ ಉಳಿದಿರುವುದಿಲ್ಲ.

ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸೂಕ್ಷ್ಮ ಇದೆ, ದಯವಿಟ್ಟು ಮಗಳಿಗೆ ಓದಿ ಹೇಳಿ. ನಮ್ಮ ಕಸುಬಿನಲ್ಲಿ ಬಿ.ಟೆಕ್ ಎಂಬುದು ಬಾಗಿಲು ಮಾತ್ರ. ಒಳಗೆ ಕುರ್ಚಿ ಹಾಕಿಸುವುದು ಡಿಜಿಎಂಎಸ್ ಪರೀಕ್ಷೆ ಬರೆದು ಪಡೆಯುವ ಮ್ಯಾನೇಜರ್ ಸರ್ಟಿಫಿಕೇಟ್. ಕೆಲಸಕ್ಕೆ ಸೇರಿ ನಿಗದಿತ ಕಾಲ ಗಣಿಯಲ್ಲಿ ಅನುಭವ ಪಡೆದ ಮೇಲೆ ಮೊದಲು ಸೆಕೆಂಡ್ ಕ್ಲಾಸ್, ಆಮೇಲೆ ಫಸ್ಟ್ ಕ್ಲಾಸ್. ಕಲ್ಲಿದ್ದಲಿಗೆ ಒಂದು, ಲೋಹದ ಗಣಿಗೆ ಇನ್ನೊಂದು. ಅದರಲ್ಲೂ ಎರಡು ಬಗೆ. ತೆರೆದ ಗಣಿಗೆ ಮಾತ್ರ ಸಲ್ಲುವುದು ‘ರಿಸ್ಟ್ರಿಕ್ಟೆಡ್’. ಭೂಗತ ಗಣಿಗೂ ಸಲ್ಲುವುದು ‘ಅನ್‌ರಿಸ್ಟ್ರಿಕ್ಟೆಡ್’. ಒಳಗಿಳಿಯಲು ಬಿಡದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಭೂಗತ ಅನುಭವ ಸಿಗುತ್ತಿರಲಿಲ್ಲ, ಆದ್ದರಿಂದ ಎರಡನೆಯದು ಕೈಗೆ ಎಟುಕುತ್ತಿರಲಿಲ್ಲ. ಬಡ್ತಿ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಕಾನೂನಿನ ತಡೆ ಹೋಗಿದೆ. ಆದರೂ ‘ನೀವ್ಯಾಕೆ ಕಷ್ಟಪಡ್ತೀರಿ, ಆಫೀಸಿನಲ್ಲಿ ಪ್ಲಾನಿಂಗ್ ನೋಡ್ಕೊಳ್ಳಿ’ ಎಂದು ಪ್ರೀತಿಯಿಂದಲೇ ಹೆಣ್ಣುಮಕ್ಕಳನ್ನು ಮೇಲೆ ಕೂರಿಸುವ ಅಧಿಕಾರಿಗಳಿದ್ದಾರೆ. ಆ ಪ್ರೀತಿಗೆ ಒಪ್ಪಿಕೊಂಡರೆ ಮುಂದೆ ಹತ್ತು ವರ್ಷಕ್ಕೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಮೊದಲ ಕೆಲವು ವರ್ಷ ಭೂಗತ ಗಣಿಯ ಪೋಸ್ಟಿಂಗ್ ಕೇಳಿಕೊಂಡು ಹೋಗಿ ಅನ್‌ರಿಸ್ಟ್ರಿಕ್ಟೆಡ್ ಸರ್ಟಿಫಿಕೇಟ್ ತೆಗೆದುಕೊಳ್ಳಲಿ. ಆಮೇಲೆ ಬೇಕಾದರೆ ಆಫೀಸಿನಲ್ಲಿ ಕೂರಲಿ.

ಅಪಾಯದ ಮಾತನ್ನು ನೀವು ನೇರವಾಗಿ ಕೇಳಿಲ್ಲ, ಆದರೆ ಹೊಟ್ಟೆಯೊಳಗೆ ಆಗುತ್ತಿರುವ ‘ಏನೋ’ದಲ್ಲಿ ಅದೂ ಇದೆ. 1975ರ ಡಿಸೆಂಬರಿನಲ್ಲಿ ಧನ್‌ಬಾದಿನ ಹತ್ತಿರದ ಚಸ್ನಾಲಾ ಗಣಿಗೆ ನೀರು ನುಗ್ಗಿ 375 ಜನ ಸತ್ತರು. ನಾನು ಓದುವಾಗ ಮೇಷ್ಟ್ರು ಅದರ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದು, ಹಳೆಯ ನೀರು ನಿಂತ ಗಣಿಗೂ ಹೊಸ ಗಣಿಗೂ ನಡುವೆ ಎಷ್ಟು ದಪ್ಪದ ಗೋಡೆ ಬಿಡಬೇಕಿತ್ತು ಎಂದು ಕೇಳುತ್ತಿದ್ದರು. ಈಗ ಯಂತ್ರಗಳು, ಗಾಳಿ ಅಳೆಯುವ ಸಾಧನಗಳು ಎಷ್ಟೋ ಸುಧಾರಿಸಿವೆ. ಭೂಗತ ಗಣಿಯಲ್ಲಿ ಇವತ್ತಿಗೂ ಮುಖ್ಯ ಶತ್ರು ಮೇಲಿನ ಛಾವಣಿ. ತೆರೆದ ಗಣಿಯಲ್ಲಿ ಡಂಪರ್‌ಗಳು. ಇವು ಎದ್ದು ಕಾಣುವ ಅಪಾಯಗಳು. ಕಾಣದೆ ಬರುವುದು ಧೂಳು. ಕಲ್ಲಿನ ಸೂಕ್ಷ್ಮ ಧೂಳು ವರ್ಷಾನುಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ಇಂಜಿನಿಯರಿಗಿಂತ ಡ್ರಿಲ್ ಹಿಡಿದವನಿಗೆ ಅದರ ಅಪಾಯ ಹೆಚ್ಚು. ನೀರು ಚಿಮುಕಿಸಿ ಡ್ರಿಲ್ ಮಾಡಿಸುವ ಜವಾಬ್ದಾರಿ ಮಾತ್ರ ಇಂಜಿನಿಯರಿನದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಆಗ ನಾನು ಒಂದು ಕಲ್ಲಿದ್ದಲು ಗಣಿಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ಮಧ್ಯಾಹ್ನದ ಪಾಳಿ. ಅಲ್ಲಿದ್ದ ವಯಸ್ಸಾದ ಸರ್ದಾರ್, ಅಂದರೆ ಪಾಳಿಯ ಮೇಸ್ತ್ರಿ, ಕೋಲಿನಿಂದ ಛಾವಣಿಗೆ ಕುಟ್ಟಿ ನೋಡಿ, ‘ಸಾಬ್, ಟೊಳ್ಳು ಸದ್ದು ಬರ್ತಿದೆ’ ಅಂದ. ಗಟ್ಟಿ ಬಂಡೆಗೆ ಕುಟ್ಟಿದರೆ ಠಣ್ ಎನ್ನುತ್ತದೆ, ಪದರ ಬಿಟ್ಟ ಬಂಡೆ ತಮಟೆಯ ಹಾಗೆ ದಬ್ ಎನ್ನುತ್ತದೆ. ನಾನೂ ಕುಟ್ಟಿ ನೋಡಿದೆ, ಅನುಮಾನ ಬಂತು. ಜನರನ್ನು ಹೊರಗೆ ಕಳಿಸಿ ಕೆಲಸ ನಿಲ್ಲಿಸಿದೆ. ಛಾವಣಿ ಅವತ್ತು ಬೀಳಲಿಲ್ಲ. ಮಾರನೇ ದಿನವೂ ಬೀಳಲಿಲ್ಲ. ಎರಡು ಪಾಳಿಯ ಕಲ್ಲಿದ್ದಲು ಹೋಯಿತು ಎಂದು ನನಗೆ ಮೆಮೊ ಬಂತು. ಆಮೇಲೆ ಛಾವಣಿಯ ಬಂಡೆಗೆ ಆಸರೆಯಾಗಿ ಬೋಲ್ಟ್ ಹೊಡೆಸಿ ಕೆಲಸ ಮುಂದುವರಿಸಿದರು. ಬೋಲ್ಟ್ ಹೊಡೆಸದೇ ಇದ್ದಿದ್ದರೆ ಬೀಳುತ್ತಿತ್ತೋ ಇಲ್ಲವೋ, ಹೇಳುವವರು ಯಾರೂ ಇಲ್ಲ. ಈ ಕೆಲಸದ ಕಷ್ಟ ಇರುವುದು ಇಲ್ಲಿ. ಸರಿಯಾಗಿ ಮಾಡಿದ ದಿನ ಏನೂ ಆಗಿರುವುದಿಲ್ಲ, ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ನಿಮ್ಮ ಮಗಳು ಹತ್ತು ಜನರ ಮುಂದೆ ಒಬ್ಬಳೇ ‘ಬೇಡ’ ಎನ್ನಬಲ್ಲ ಹುಡುಗಿಯೇ? ಅವಳ ಗಣಿತದ ಅಂಕಕ್ಕಿಂತ ಇದನ್ನು ನಾನು ಮುಖ್ಯ ಎಂದುಕೊಂಡಿದ್ದೇನೆ, ಮತ್ತು ಇದನ್ನು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ.

ಲಿಥಿಯಂ ಬಗ್ಗೆ ಊರಿನವರಿಗೆ ಹೇಳಿ: ಅದನ್ನು ನಂಬಿಕೊಂಡು ಯಾರೂ ಓದಬೇಡಿ. ಮರಳಗಾಲ, ಅಲ್ಲಾಪಟ್ಟಣ ಕಡೆ ಲಿಥಿಯಂ ಇರುವುದು ನಿಜ. ಪೆಗ್ಮಟೈಟ್ ಎಂಬ ಬಂಡೆಯೊಳಗೆ ಸ್ಪೊಡುಮಿನ್ ಎಂಬ ಖನಿಜವಾಗಿ ಇದೆ. 2020ರಲ್ಲಿ 14,100 ಟನ್ ಎಂದು ಪತ್ರಿಕೆಗಳಲ್ಲಿ ಬಂತು. ಮರುವರ್ಷ ಸರ್ಕಾರ ಸಂಸತ್ತಿಗೆ ಹೇಳಿದ್ದು 1,600 ಟನ್, ಅದೂ ಮೊದಲ ಹಂತದ ಅಂದಾಜು. ಬೋರ್‌ವೆಲ್ ಪಾಯಿಂಟ್ ನೋಡಿದವರು ನೀರಿದೆ ಎನ್ನುವುದಕ್ಕೂ, ನಾಲ್ಕು ವರ್ಷ ಬೇಸಿಗೆಯಲ್ಲೂ ಎರಡು ಇಂಚು ನೀರು ಬರುವುದಕ್ಕೂ ಎಷ್ಟು ದೂರವೋ, ಈ ಅಂದಾಜಿಗೂ ಗಣಿಗೂ ಅಷ್ಟು ದೂರ. ನಿಮ್ಮ ಮಗಳ ಕೆಲಸ ಮಂಡ್ಯದಲ್ಲಿ ಆಗುವುದಿಲ್ಲ ಎಂದುಕೊಂಡೇ ತೀರ್ಮಾನ ಮಾಡಿ. ಮೈಸೂರಿನ ಸುತ್ತ ದೊಡ್ಡಕನ್ಯದ ಮ್ಯಾಗ್ನಸೈಟ್, ಸಿಂಧುವಳ್ಳಿಯ ಕ್ರೋಮೈಟ್ ಎಂದು ಹೆಸರು ಕೇಳಿರಬಹುದು. ಅದನ್ನೂ ನೆಚ್ಚಿಕೊಳ್ಳುವಂತಿಲ್ಲ.

ಹಾಗಾದರೆ ಕೆಲಸ ಎಲ್ಲಿ? ದೊಡ್ಡ ಬಾಗಿಲು ಕಲ್ಲಿದ್ದಲಿನದು. ಇಂಜಿನಿಯರಿಂಗ್ ಓದಿದವರು ಬರೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯ ಅಂಕದ ಮೇಲೆ ಕೋಲ್ ಇಂಡಿಯಾ ಮ್ಯಾನೇಜ್‌ಮೆಂಟ್ ಟ್ರೈನಿಗಳನ್ನು ತೆಗೆದುಕೊಳ್ಳುತ್ತದೆ. 2022ರಲ್ಲಿ ಕರೆದ 1,050 ಹುದ್ದೆಗಳಲ್ಲಿ 699 ಮೈನಿಂಗಿನವರಿಗೇ ಇದ್ದವು. 2024ರಲ್ಲಿ 640ರಲ್ಲಿ 263. ಸಂಖ್ಯೆ ಇಳಿದದ್ದನ್ನು ಗಮನಿಸಿ, ಪ್ರತಿ ವರ್ಷ ಒಂದೇ ಸಮ ಇರುವುದಿಲ್ಲ. ತರಬೇತಿಯ ಕಾಲದಲ್ಲಿ ಮೂಲ ವೇತನ 50,000, ಮುಗಿದ ಮೇಲೆ 60,000, ಭತ್ಯೆಗಳು ಬೇರೆ. ಊರು ಮಾತ್ರ ಜಾರ್ಖಂಡ್, ಛತ್ತೀಸಗಢ, ಒಡಿಶಾ, ಮಧ್ಯಪ್ರದೇಶ. ದಕ್ಷಿಣದಲ್ಲೇ ಇರಬೇಕೆಂದರೆ ತೆಲಂಗಾಣದ ಸಿಂಗರೇಣಿ, ತಮಿಳುನಾಡಿನ ನೈವೇಲಿ ಇವೆ. ನಮ್ಮ ರಾಜ್ಯದಲ್ಲಿ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ, ಸಂಡೂರಿನ ಕಡೆ ಎನ್‌ಎಂಡಿಸಿಯ ದೋಣಿಮಲೈ ಮತ್ತು ಖಾಸಗಿಯವರ ಕಬ್ಬಿಣದ ಗಣಿಗಳು, ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಸುಣ್ಣದ ಕಲ್ಲಿನ ಗಣಿಗಳು. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ಡಿಜಿಎಂಎಸ್, ನಾಗಪುರದ ಇಂಡಿಯನ್ ಬ್ಯೂರೋ ಆಫ್ ಮೈನ್ಸ್‌ನಂಥ ಕೇಂದ್ರದ ಕಚೇರಿಗಳಿವೆ. ನಿಮ್ಮ ಗೋಡೆಯಂಥ ಗೋಡೆಗಳ ಬಗ್ಗೆಯೇ ಕೆಲಸ ಮಾಡುವ ಆಸೆ ಇದ್ದರೆ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ, ಎನ್‌ಐಆರ್‌ಎಂ, ಕೆಜಿಎಫ್‌ನಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲಿದೆ. ಮೆಟ್ರೊ, ರೈಲ್ವೆ, ಜಲವಿದ್ಯುತ್ತಿನ ಸುರಂಗಗಳಲ್ಲೂ ಬಂಡೆಯ ಗುಣ ಬಲ್ಲವರು ಬೇಕು. 2023ರ ನವೆಂಬರಿನಲ್ಲಿ ಉತ್ತರಕಾಶಿಯ ಸಿಲ್‌ಕ್ಯಾರಾ ಸುರಂಗದಲ್ಲಿ 41 ಜನ 17 ದಿನ ಸಿಕ್ಕಿಬಿದ್ದದ್ದು ನೆನಪಿದೆಯಲ್ಲ. ದೊಡ್ಡ ಯಂತ್ರ ಸೋತ ಮೇಲೆ ಕೊನೆಯ ಕೆಲವು ಮೀಟರ್ ಕೈಯಿಂದ ಅಗೆದು ದಾರಿ ಮಾಡಿದವರು ಇಲಿಬಿಲದಂಥ ಗಣಿಗಳಲ್ಲಿ ಪಳಗಿದ ಕೆಲಸಗಾರರು.

ಕಂಪ್ಯೂಟರ್ ಬೇಕು ಎಂಬ ಆಸೆ ನಿಮ್ಮ ಮಗಳಿಗೇ ಇದ್ದರೆ, ಮೈನಿಂಗಿನಲ್ಲೂ ಅದು ಸಾಕಷ್ಟಿದೆ. ಅದಿರಿನ ನಿಕ್ಷೇಪವನ್ನು ಮೂರು ಆಯಾಮದಲ್ಲಿ ಕಟ್ಟುವ ಸಾಫ್ಟ್‌ವೇರ್, ಡ್ರೋನ್ ಸರ್ವೆ, ಗಣಿಯ ಇಳಿಜಾರು ಜಾರುವ ಮುಂಚೆಯೇ ಎಚ್ಚರಿಸುವ ರಾಡಾರ್, ನೂರಾರು ಡಂಪರ್‌ಗಳನ್ನು ಒಂದು ಪರದೆಯಿಂದ ಓಡಿಸುವ ವ್ಯವಸ್ಥೆ. ಎರಡೂ ಬಲ್ಲವರು ಕಡಿಮೆ, ಬೇಡಿಕೆ ಹೆಚ್ಚು.

ಈಗ ಕಹಿ ಮಾತು. ನಾನು 1984ರಲ್ಲಿ ಕೆಜಿಎಫ್‌ಗೆ ಟ್ರೈನಿಯಾಗಿ ಹೋದೆ. ಮಳವಳ್ಳಿ ಕಡೆಯವನು ಎಂದು ತಿಳಿದ ಫೋರ್‌ಮನ್, ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿಯುವಾಗ ‘ನಿಮ್ಮೂರ ಕರೆಂಟಿನಿಂದಲೇ ನಮ್ಮ ಅಪ್ಪ, ತಾತ ಇಳಿದದ್ದು’ ಎಂದಿದ್ದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಹೋದದ್ದು ಕೋಲಾರದ ಆ ಗಣಿಗಳಿಗೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ತಳದಲ್ಲಿ ಬಂಡೆಯ ಶಾಖ 60 ಡಿಗ್ರಿಗೂ ಮೇಲೆ. ಅಂಥ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿತ್ತು, ಆಳದಿಂದ ಎತ್ತುವ ಖರ್ಚು ಏರಿತ್ತು. ಕುದುರೆಮುಖ 2005ರ ಕೊನೆಗೆ ನಿಂತದ್ದು ಕಾಡನ್ನು ಉಳಿಸುವ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಬಳ್ಳಾರಿಯ ಕಥೆ ಆಗಲೇ ಹೇಳಿದೆ. ಗಣಿ ಒಂದಲ್ಲ ಒಂದು ದಿನ ಮುಗಿಯುವಂಥದ್ದು, ಕೆಲವೊಮ್ಮೆ ಒಂದೇ ಬೆಳಗಿನಲ್ಲಿ. ಆ ಬೆಳಿಗ್ಗೆ ಸರ್ಟಿಫಿಕೇಟ್ ಇದ್ದ ನನ್ನ ಸ್ನೇಹಿತರು ಬೇರೆ ರಾಜ್ಯಕ್ಕೆ, ಕೆಲವರು ಆಫ್ರಿಕಾ, ಆಸ್ಟ್ರೇಲಿಯಾಕ್ಕೆ ಹೋದರು. ಪದವಿ ಇದ್ದೂ ಪರೀಕ್ಷೆಯನ್ನು ಮುಂದೂಡುತ್ತಾ ಬಂದವರು ತುಂಬ ಕಷ್ಟಪಟ್ಟರು. ಕಲ್ಲಿದ್ದಲಿಗೂ ಕೊನೆ ಇದೆ. 2024-25ರಲ್ಲಿ ದೇಶದ ಉತ್ಪಾದನೆ 100 ಕೋಟಿ ಟನ್ ದಾಟಿದೆ, ಹಾಗಾಗಿ ಅವಳ ಕಾಲಕ್ಕೆ ಅದು ನಿಲ್ಲುವುದಿಲ್ಲ. ಆದರೆ ಇಡೀ ಬದುಕನ್ನು ಕಲ್ಲಿದ್ದಲೊಂದಕ್ಕೇ ಕಟ್ಟಿಹಾಕುವುದು ಬೇಡ, ಲೋಹದ ಗಣಿಯ ಸರ್ಟಿಫಿಕೇಟನ್ನೂ ಮಾಡಿಟ್ಟುಕೊಳ್ಳಲಿ.

ನಿಮ್ಮ ಯಜಮಾನರ ಹತ್ತು ಗುಂಟೆಯ ವಿಷಯಕ್ಕೆ ಬರುತ್ತೇನೆ. ಮಗಳಿಗಾಗಿ ನೆಲ ಮಾರಲು ಸಿದ್ಧವಿರುವ ಅಪ್ಪನ ಮನಸ್ಸು ದೊಡ್ಡದು. ಆದರೂ ಲೆಕ್ಕ ನೋಡಿ. ಎನ್‌ಐಟಿಯಲ್ಲಿ ಟ್ಯೂಷನ್ ಫೀಸು ವರ್ಷಕ್ಕೆ 1.25 ಲಕ್ಷ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷದೊಳಗಿದ್ದರೆ ಅದು ಪೂರ್ತಿ ಮನ್ನಾ. 1ರಿಂದ 5 ಲಕ್ಷದ ನಡುವೆ ಇದ್ದರೆ ಮೂರರಲ್ಲಿ ಎರಡು ಪಾಲು ಮನ್ನಾ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಪೂರ್ತಿ ಮನ್ನಾ. ಹಾಸ್ಟೆಲು, ಊಟದ ಖರ್ಚು ಬೇರೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ, ಸೇರುವ ದಿನ ಅದಕ್ಕಾಗಿ ಓಡಾಡುವಂತಾಗಬಾರದು. ಕಂಪ್ಯೂಟರ್ ಸೈನ್ಸ್ ಕೆಟ್ಟದ್ದಲ್ಲ. ಅವಳಿಗೇ ಅದರ ಹುಚ್ಚಿದ್ದು, ಕಾಲೇಜು ಒಳ್ಳೆಯದಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ. ಆದರೆ ಆಸೆಪಟ್ಟು ಗಳಿಸಿದ ಸೀಟನ್ನು ಬಿಡಿಸಿ, ಆಸೆ ಇಲ್ಲದ ಸೀಟಿಗೆ ನೆಲ ಮಾರುವುದನ್ನು ನಾನು ಒಪ್ಪಲಾರೆ. ಸಾಫ್ಟ್‌ವೇರ್ ಕೆಲಸವೂ ಏರಿಳಿತದ್ದೇ. ಮಾರಿದ ಗದ್ದೆ ಮಾತ್ರ ಮತ್ತೆ ಬರುವುದಿಲ್ಲ.

‘ಮೈನಿಂಗಿಗೆ ಸೇರಿ ಎರಡನೇ ವರ್ಷ ಬ್ರಾಂಚ್ ಬದಲಾಯಿಸಿಕೊಳ್ಳಲಿ’ ಎಂಬ ಸಲಹೆಯೂ ಯಾರಿಂದಲಾದರೂ ಬಂದೇ ಬರುತ್ತದೆ. ಅದಕ್ಕೆ ಕಿವಿಗೊಡಬೇಡಿ. ಮೊದಲ ವರ್ಷದ ಅಂಕದ ಮೇಲೆ ಬೆರಳೆಣಿಕೆಯ ಜನಕ್ಕೆ ಅದು ಸಿಗುತ್ತದೆ. ಸಿಗದವರು ಉಳಿದ ಮೂರು ವರ್ಷ ಬೇಡದ ಮನಸ್ಸಿನಲ್ಲಿ ಕಳೆಯುವುದನ್ನು ಕಂಡಿದ್ದೇನೆ. ಸೇರುವುದಾದರೆ ಮೈನಿಂಗ್ ಓದಲೆಂದೇ ಸೇರಲಿ. ಬಂಡೆ, ಮಣ್ಣು, ನೆಲದಡಿಯ ವಿಷಯವೇ ಇಷ್ಟ, ಆದರೆ ಗಣಿಯ ಪಾಳಿ ಕೆಲಸ ಬೇಡ ಎಂದು ಅವಳಿಗೆ ಅನ್ನಿಸಿದರೆ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ವಿಭಾಗ ಇದೆ, ಬಿ.ಎಸ್ಸಿ ಮಾಡಿ ಅಲ್ಲಿಗೆ ಹೋಗುವ ದಾರಿ ಮನೆಗೂ ಹತ್ತಿರ. ಆದರೆ ಭೂವಿಜ್ಞಾನಿಗೆ ಗಣಿಯ ಮ್ಯಾನೇಜರ್ ಆಗುವ ಈ ದಾರಿ ಸಿಗುವುದಿಲ್ಲ, ಅದು ಗೊತ್ತಿರಲಿ. ನಿಮ್ಮ ಹಾಗೆಯೇ ಯೋಚಿಸುತ್ತಾ, ಸಿಇಟಿಯಲ್ಲಿ ಕೆಜಿಎಫ್‌ನ ಕಾಲೇಜನ್ನು ನೋಡುತ್ತಿರುವವರಿಗೆ ಒಂದು ಮಾತು: ಸುರತ್ಕಲ್ ಬಿಟ್ಟು ಬೇರೆ ಎಲ್ಲೇ ಸೇರಿದರೂ ಆ ಪದವಿಗೆ ಡಿಜಿಎಂಎಸ್ ಪರೀಕ್ಷೆಯ ಮಟ್ಟಿಗೆ ಮಾನ್ಯತೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮದುವೆಯ ಬಗ್ಗೆ ನೀವು ಬರೆದಿಲ್ಲ. ಬರೆಯದಿದ್ದರೂ ಮನೆಯಲ್ಲಿ ಮಾತು ಬಂದಿರುತ್ತದೆ ಎಂದು ಗೊತ್ತು. ಗಣಿಯ ಊರುಗಳು ಸಾಮಾನ್ಯವಾಗಿ ಕಂಪನಿಯ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಇರುವ ಊರುಗಳು. ಒಂಟಿತನ ಇರುತ್ತದೆ. ಹಬ್ಬಕ್ಕೆ ಬರಲು ಎರಡು ದಿನದ ರೈಲು ಪ್ರಯಾಣ. ಗಂಡನಾಗಿ ಬರುವವನಿಗೆ ಅಲ್ಲಿ ಕೆಲಸ ಸಿಗುವುದು ಕಷ್ಟ ಎಂಬುದು ನಿಜವಾದ ತೊಡಕು, ನಾನು ಅದನ್ನು ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಮೇಷ್ಟ್ರ ಕೆಲಸ ಬಿಟ್ಟು ಹದಿನಾಲ್ಕು ವರ್ಷ ನನ್ನ ಜೊತೆ ಊರೂರು ಅಲೆದಳು. ಹೆಣ್ಣುಮಗಳೇ ಇಂಜಿನಿಯರ್ ಆದರೆ ಅಷ್ಟು ಬಿಟ್ಟುಕೊಡುವ ಗಂಡು ಸಿಗುವುದು ನಮ್ಮ ಸಮಾಜದಲ್ಲಿ ಇನ್ನೂ ಸುಲಭವಾಗಿಲ್ಲ. ಆ ಯೋಚನೆಗೆ ಅವಳ ಮುಂದೆ ಇನ್ನೂ ಆರೇಳು ವರ್ಷ ಇದೆ. ಸೀಟಿಗೆ ಇರುವುದು ಕೆಲವೇ ದಿನ.

ನನ್ನ ಅಭಿಪ್ರಾಯ ಕೇಳಿದ್ದೀರಿ: ಅವಳಿಗೆ ಮನಸ್ಸಿದ್ದರೆ ಸೇರಿಸಿ.

ಸುರತ್ಕಲ್ಲಿಗೆ ಹೋಗುವ ಮುಂಚೆ ಅವಳಿಂದ ಒಂದು ಕೆಲಸ ಮಾಡಿಸಿ. ಹಿಂದಿನ ಗೋಡೆಯ ಬಿರುಕಿಗೆ ಅಡ್ಡಲಾಗಿ, ಮೇಲೊಂದು ನಡುವೊಂದು ಕೆಳಗೊಂದು, ಬೆರಳಗಲದ ತೆಳು ಗಾಜಿನ ಪಟ್ಟಿಗಳನ್ನು ಎರಡೂ ತುದಿಗೆ ಸಿಮೆಂಟ್ ಹಾಕಿ ಅಂಟಿಸಲಿ. ಪಕ್ಕದಲ್ಲಿ ತಾರೀಕು ಬರೆಯಲಿ. ಬಿರುಕಿನ ಅಗಲವನ್ನು ಸ್ಕೇಲಿಟ್ಟು ಅಳೆದು ಫೋಟೊ ತೆಗೆದಿಡಲಿ. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ. ಕ್ವಾರಿ ನಿಂತಿದೆ ಎನ್ನುತ್ತೀರಲ್ಲ, ಒಂದು ಮಳೆಗಾಲ, ಒಂದು ಬೇಸಿಗೆ ಗಾಜು ಹಾಗೇ ಉಳಿದರೆ ಬಿರುಕು ಸತ್ತಿದೆ, ತುಂಬಿಸಿ ಸುಣ್ಣ ಬಳಿಯಬಹುದು. ಸ್ಫೋಟ ಇಲ್ಲದ ಕಾಲದಲ್ಲೂ ಗಾಜು ಒಡೆದರೆ ಕಾರಣ ನೆಲದಲ್ಲಿದೆ. ನಾಲೆ ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಎರೆಮಣ್ಣಿನ ಮೇಲೆ ಪಾಯ ಕೂತಿದೆಯೇ ಎಂದು ಅಗೆಸಿ ನೋಡಬೇಕಾಗುತ್ತದೆ. ದಸರಾ ರಜೆಗೆ ಅವಳು ಬಂದಾಗ ಇಬ್ಬರೂ ಸೇರಿ ನೋಡಿ, ಯಾವ ಗಾಜು ಒಡೆದಿದೆ, ಯಾವುದು ಉಳಿದಿದೆ ಎಂದು ನನಗೆ ಬರೆಯಿರಿ.